ನುಡಿಸುವ ಕೈ, ಕಲಿಸುವ ಕಿವಿ: ಬಾಗಲಕೋಟೆ ಸೀಮೆಯಲ್ಲಿ ಪೇಟಿ ಮಾಸ್ತರರ ತರಬೇತಿ

ಪಿಯಾನೊ ಕಲಿಸುವವರನ್ನು ತಯಾರು ಮಾಡುವುದು ಹೇಗೆ ಎಂಬ ವಿಚಾರವನ್ನು ಬಾಗಲಕೋಟೆ ಜಿಲ್ಲೆಗೆ ತಂದು ನಿಲ್ಲಿಸಿದರೆ ಮೊದಲು ಎದುರಾಗುವವರು ಪೇಟಿ ಮಾಸ್ತರರು. ಬಾದಾಮಿಯ ಜಾತ್ರೆಯ ನಾಟಕದ ಟೆಂಟು, ಹುನಗುಂದ ಸೀಮೆಯ ಮಠಗಳ ಭಜನಾ ಮೇಳ, ಇಳಕಲ್ಲಿನ ನೇಕಾರ ಓಣಿಗಳು, ಎಲ್ಲ ಕಡೆಯೂ ಕಪ್ಪು-ಬಿಳಿ ಮನೆಗಳ ವಾದ್ಯವೆಂದರೆ ಹಾರ್ಮೋನಿಯಂ, ಜನರ ಬಾಯಲ್ಲಿ ಪೇಟಿ. ಈ ವಾದ್ಯವನ್ನು ಬಲ್ಲವರ ಕುರಿತು ಒಂದಿಷ್ಟು ಬರವಣಿಗೆ ಉಂಟು. ಕಲಿಸುವವರ ಕುರಿತು, ಅದರಲ್ಲೂ ಅವರು ಕಲಿಸುವುದನ್ನು ಎಲ್ಲಿ ಕಲಿತರು ಎಂಬುದರ ಕುರಿತು, ವಿಚಾರ ನಡೆದದ್ದು ಬಹಳ ಕಡಿಮೆ. ಈ ಸೀಮೆಯಲ್ಲಿ ಕಲಿಸುವ ವಿದ್ಯೆಯನ್ನು ಕಲಿಸಿದ್ದು ಸಂಗೀತ ಶಾಲೆಯಲ್ಲ, ನಾಟಕ ಕಂಪನಿಯ ತಾಲೀಮು ಎಂಬುದು ನನ್ನ ವಾದ. ಆ ತಾಲೀಮು ಸೊರಗಿದ ಮೇಲೆ ನಮ್ಮಲ್ಲಿ ನುಡಿಸುವವರನ್ನು ಅಳೆಯುವ ಪರೀಕ್ಷೆಗಳು ಉಳಿದಿವೆ, ಕಲಿಸುವವರನ್ನು ಬೆಳೆಸುವ ಜಾಗ ಉಳಿದಿಲ್ಲ.

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೈನ್ ಹೆಸರಿಗೆ ಹಕ್ಕುಪತ್ರವಾದ ಹಾರ್ಮೋನಿಯಂ ಇಲ್ಲಿಗೆ ಬಂದದ್ದು ಬಹುಮಟ್ಟಿಗೆ ರಂಗಭೂಮಿಯ ದಾರಿಯಲ್ಲಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿದ ಮೇಲೆ ಹಾಡು ತುಂಬಿದ ನಾಟಕಕ್ಕೆ ಮುಂಬೈ ಕರ್ನಾಟಕದ ಜನ ಮನಸೋತರು. ಮುಂದೆ ಕನ್ನಡ ಕಂಪನಿಗಳು ಎದ್ದಾಗ ರಂಗದ ಮುಂದಿನ ಕಾಲುಪೇಟಿ ಅವುಗಳ ಜೀವಾಳವಾಯಿತು. ಕಾಲಿನಿಂದ ಗಾಳಿ ತುಂಬುವುದರಿಂದ ಎರಡೂ ಕೈ ಬಿಡುವಾಗಿ, ಪಿಯಾನೊದಂತೆ ಮನೆಗಳ ಮೇಲೆ ಓಡುತ್ತವೆ. ಆದರೆ ಇಲ್ಲಿಗೇ ಹೋಲಿಕೆ ನಿಲ್ಲುತ್ತದೆ, ಕಲಿಸುವವರಿಗೆ ಈ ವ್ಯತ್ಯಾಸ ದೊಡ್ಡದು. ಪಿಯಾನೊದಲ್ಲಿ ಬೆರಳು ಬಿದ್ದ ರಭಸವೇ ನಾದದ ಗಾತ್ರ, ಬಿದ್ದ ಕ್ಷಣದಿಂದ ನಾದ ಕರಗತೊಡಗುತ್ತದೆ. ಪೇಟಿಯಲ್ಲಿ ಮನೆಯನ್ನು ಎಷ್ಟು ಗುದ್ದಿದರೂ ದನಿ ಹೆಚ್ಚುವುದಿಲ್ಲ. ಹೆಚ್ಚಿಸುವುದು ಗಾಳಿ, ಅದು ಇರುವತನಕ ಸ್ವರ ಉಳಿಯುತ್ತದೆ. ಹೊಸ ವಿದ್ಯಾರ್ಥಿ ದನಿ ಸಾಲದೆಂದು ಬೆರಳನ್ನು ಒತ್ತುತ್ತಾನೆ, ಮಣಿಕಟ್ಟು ಬಿಗಿಯುತ್ತದೆ, ಓಟ ನಿಲ್ಲುತ್ತದೆ. ತಪ್ಪು ಕಾಣುವುದು ಬಲಗೈಯಲ್ಲಿ, ಅದರ ಮೂಲ ಕೈಪೇಟಿಗೆ ತಿದಿ ಹಾಕುವ ಎಡಗೈಯಲ್ಲಿ ಅಥವಾ ಕಾಲುಪೇಟಿ ತುಳಿಯುವ ಕಾಲಿನಲ್ಲಿ. ಕಂಡಲ್ಲಿ ತಿದ್ದುವವರು ಒಳ್ಳೆಯ ವಾದಕರೇ ಇರಬಹುದು. ಹುಟ್ಟಿದಲ್ಲಿ ತಿದ್ದುವವರು ಮಾತ್ರ ಶಿಕ್ಷಕರು.

ಹುಟ್ಟಿದಲ್ಲಿ ತಿದ್ದುವ ಈ ಕಣ್ಣು ತಾಲೀಮಿನಲ್ಲಿ ಬಲಿಯುತ್ತಿತ್ತು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಸುಮಾರು ಒಂದು ತಿಂಗಳು ನಡೆಯುವ ಬಾದಾಮಿ ಬನಶಂಕರಿ ಜಾತ್ರೆಗೆ ಹಲವು ಕಂಪನಿಗಳು ಒಟ್ಟಿಗೆ ಬಂದು ಠಿಕಾಣಿ ಹೂಡುತ್ತವೆ. ಬಿ.ಆರ್. ಅರಿಷಿಣಗೋಡಿಯವರ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘ ಈ ನೆಲದ್ದೇ ಹೆಸರಾದ ಕಂಪನಿ. ಪಕ್ಕದ ಟೆಂಟಿನಲ್ಲಿ ಇನ್ನೊಂದು ಹಾಡು ಮೊಳಗುವಾಗ ತಮ್ಮ ನಟ ಸುರ ಬಿಡದಂತೆ ಕಾಯುವುದು ಪೇಟಿ ಮಾಸ್ತರರ ಹೊಣೆ. ಕಂಪನಿಯಷ್ಟೇ ಅಲ್ಲ, ಊರ ಜಾತ್ರೆಗೆ ರೈತರು, ನೇಕಾರರು, ಅಂಗಡಿಯವರು ಕೂಡಿ ಆಡುವ ನಾಟಕಕ್ಕೂ ಮಾಸ್ತರರನ್ನು ಕರೆಸುವ ರೂಢಿ ಉಂಟು. ಮುಂದೆ ಕೂತವರಿಗೆ ಸ್ವರಲಿಪಿ ಗೊತ್ತಿಲ್ಲ, ಎಷ್ಟೋ ಸಲ ಅಕ್ಷರವೂ ಗೊತ್ತಿಲ್ಲ, ನಾಟಕದ ದಿನ ಮಾತ್ರ ಗೊತ್ತಾಗಿದೆ. ಮಾಸ್ತರರು ಮೊದಲು ಹುಡುಕುವುದು ಹಾಡನ್ನಲ್ಲ, ಆ ಮನುಷ್ಯನ ದನಿ ಎಲ್ಲಿ ಆರಾಮಾಗಿ ಕೂಡುತ್ತದೆ ಎಂಬುದನ್ನು. ಬಳಿಕ ಧಾಟಿಯನ್ನು ಉಸಿರಿಗೊಂದರಂತೆ ತುಂಡು ಮಾಡುತ್ತಾರೆ, ತಾವು ಹಾಡುತ್ತಾರೆ, ಅವನಿಂದ ಹಾಡಿಸುತ್ತಾರೆ, ಕೊನೆಗೆ ಪೇಟಿ ಸೇರಿಸುತ್ತಾರೆ. ಧಾಟಿ ಗಟ್ಟಿಯಾದಂತೆ ಪೇಟಿಯನ್ನು ಸಣ್ಣಗೆ ಮಾಡಿ, ಕೊನೆಗೆ ಆಧಾರ ಷಡ್ಜವೊಂದನ್ನೇ ಹಿಡಿದು ಬಿಡುತ್ತಾರೆ. ಆಸರೆ ಕೊಡುವುದು ಎಲ್ಲರಿಗೂ ತಿಳಿಯುತ್ತದೆ. ಅದನ್ನು ಯಾವಾಗ ತೆಗೆಯಬೇಕೆಂಬುದು ಕಲಿಸಿ ಕಲಿಸಿಯೇ ಬರುವ ತಿಳಿವಳಿಕೆ.

ಒಂದೇ ರಾಗವನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಭೂಪಾಲಿಗೆ ಐದೇ ಸ್ವರ: ಸ, ರಿ, ಗ, ಪ, ಧ. ಸಪ್ತಕದ ಬಿಳಿ ಮನೆಗಳನ್ನೂ ಕಪ್ಪು ಮನೆಗಳನ್ನೂ ಎಡದಿಂದ ಬೇರೆ ಬೇರೆಯಾಗಿ ಎಣಿಸುವುದು ರೂಢಿ. ಬಿಳಿ 1ನ್ನು ಷಡ್ಜ ಮಾಡಿಕೊಂಡರೆ ಐದೂ ಸ್ವರ ಬಿಳಿ ಮನೆಗಳಲ್ಲೇ ಬೀಳುತ್ತವೆ. ಕಪ್ಪು 3ರಿಂದ ಹಿಡಿದರೆ ಐದೂ ಕಪ್ಪು, ಒಂದು ಬಿಳಿಯನ್ನೂ ಮುಟ್ಟುವಂತಿಲ್ಲ. ಅನೇಕ ಗಂಡಸರ ದನಿಗೆ ಒಗ್ಗುವ ಕಪ್ಪು 1ರಿಂದ ಹೊರಟರೆ ಗಾಂಧಾರವೊಂದು ಬಿಳಿ, ಉಳಿದ ನಾಲ್ಕು ಕಪ್ಪು. ರಾಗ ಬದಲಾಗಿಲ್ಲ, ಕೈಯ ಆಕಾರ ಪೂರ್ತಿ ಬದಲಾಗಿದೆ. ನನ್ನ ಬೆರಳು ನೋಡು, ಹಾಗೇ ಒತ್ತು ಎಂದು ಕಲಿಸುವವರ ವಿದ್ಯಾರ್ಥಿಗೆ ಇವು ಮೂರು ಬೇರೆ ಹಾಡುಗಳು. ಸ್ವರಗಳ ನಡುವಿನ ಅಂತರವನ್ನು ಮೊದಲು ಗಂಟಲಿಗೆ, ಆಮೇಲೆ ಬೆರಳಿಗೆ ಕೊಟ್ಟವರ ವಿದ್ಯಾರ್ಥಿಗೆ ಅದು ಒಂದೇ ಹಾಡು, ಮೂರು ಮನೆಗಳಲ್ಲಿ. ಕಪ್ಪು 1ರ ನಾಯಕನನ್ನೂ ಕಪ್ಪು 4ರ ನಾಯಕಿಯನ್ನೂ ಒಂದೇ ಸಂಜೆ ತಯಾರು ಮಾಡಬೇಕಾದ ಕಂಪನಿ ಮಾಸ್ತರರಿಗೆ ಎರಡನೆಯ ದಾರಿ ಬಿಟ್ಟು ಗತಿಯಿರಲಿಲ್ಲ. ಅನಿವಾರ್ಯವೇ ಅವರನ್ನು ಶಿಕ್ಷಕರನ್ನಾಗಿ ಮಾಡಿತು.

ಇದಕ್ಕೆ ಇನ್ನೊಂದು ಸಾಕ್ಷ್ಯ ಬಾದಾಮಿಯ ಹತ್ತಿರವೇ ಸಿಗುತ್ತದೆ. ಹಾನಗಲ್ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧರು, ಅಂಧ ಮಕ್ಕಳನ್ನೇ ಹೆಚ್ಚಾಗಿ ಕೂಡಿಸಿಕೊಂಡು ಕಲಿಸಿದವರು. ಗದುಗಿನಲ್ಲಿ ನೆಲೆಯೂರುವ ಮುನ್ನ ಅವರ ಸಂಗೀತ ಶಾಲೆ ಊರೂರು ತಿರುಗಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ಆ ಶಾಲೆಯಾದ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದರು, ನಾಟಕ ಕಂಪನಿಯನ್ನೂ ಕಟ್ಟಿ ಬೆಳೆಸಿದರು. ಗುರುವಿಗೂ ಶಿಷ್ಯನಿಗೂ ಕಣ್ಣಿಲ್ಲದ ಕಡೆ ನೋಡಿ ಕಲಿ ಎಂಬ ಮಾತಿಗೆ ಅರ್ಥವಿಲ್ಲ. ಕಪ್ಪು ಮನೆಗಳು ಎರಡು ಮತ್ತು ಮೂರರ ಗುಂಪಾಗಿ ಎದ್ದು ನಿಂತಿರುವುದನ್ನು ಬೆರಳು ತಡವಿ ಅರಿಯಬೇಕು, ಉಳಿದದ್ದೆಲ್ಲ ಕಿವಿಯ ಕೆಲಸ. ಈ ಆಶ್ರಮದ ಶಿಷ್ಯರು ಉತ್ತರ ಕರ್ನಾಟಕದ ಉದ್ದಗಲಕ್ಕೂ ಸಂಗೀತ ಶಿಕ್ಷಕರಾಗಿ ಹರಡಿದ್ದು ಬರಿಯ ಪ್ರತಿಭೆಯ ಫಲವಲ್ಲವೆಂದು ನಾನು ತಿಳಿಯುತ್ತೇನೆ. ಕಲಿಯುವಾಗಲೇ ಪ್ರತಿ ಹೆಜ್ಜೆಯನ್ನೂ ಮಾತಿನಲ್ಲಿ, ಸ್ಪರ್ಶದಲ್ಲಿ, ನಾದದಲ್ಲಿ ಬಿಡಿಸಿ ಪಡೆದವರಿಗೆ ಅದನ್ನು ಮತ್ತೊಬ್ಬರಿಗೆ ಬಿಡಿಸಿ ಕೊಡಲು ಬರುತ್ತದೆ.

ಇದರ ಪಕ್ಕದಲ್ಲಿ ಇಂದಿನ ಪರೀಕ್ಷಾ ಪದ್ಧತಿಯನ್ನು ಇಟ್ಟು ನೋಡಬೇಕು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಆರಂಭಿಸಿದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂಬ ಮೆಟ್ಟಿಲುಗಳು ನಮ್ಮ ಭಾಗದವರಿಗೆ ಪರಿಚಿತ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳೂ ಹಾಗೆಯೇ. ಅವು ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಉಪಕಾರ ಸಣ್ಣದಲ್ಲ. ಆದರೆ ಈ ಮೆಟ್ಟಿಲುಗಳು ಅಳೆಯುವುದು ಅಭ್ಯರ್ಥಿಯ ಹಾಡಿಕೆ, ನುಡಿಸುವಿಕೆ, ಶಾಸ್ತ್ರಜ್ಞಾನ. ತಪ್ಪಿ ನುಡಿಸುವ ಮಗುವೊಂದು ಎದುರಿಗಿದ್ದರೆ ಅಭ್ಯರ್ಥಿ ಏನು ಮಾಡುತ್ತಾನೆ ಎಂದು ಅಲ್ಲಿ ನೋಡುವುದಿಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜಿನಂಥ ಪಿಯಾನೊ ಪರೀಕ್ಷಾ ಸಂಸ್ಥೆಗಳು ನುಡಿಸುವ ಡಿಪ್ಲೊಮಾ ಬೇರೆ, ಕಲಿಸುವ ಡಿಪ್ಲೊಮಾ ಬೇರೆ ಎಂದು ಬಗೆದದ್ದು ಈ ಕಾರಣಕ್ಕೇ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗುರುಪರಂಪರೆಯ ಕಡೆಯಿಂದ. ವಿದ್ಯೆ ಪೂರ್ಣವಾದರೆ ಕಲಿಸುವುದು ತಾನಾಗಿ ಬರುತ್ತದೆ, ದೊಡ್ಡ ಗುರುಗಳು ಯಾವ ತರಬೇತಿ ಪಡೆದಿದ್ದರು ಎಂದು ಕೇಳುವವರಿದ್ದಾರೆ. ಅವರು ತರಬೇತಿ ಪಡೆದಿದ್ದರು ಎಂಬುದೇ ನನ್ನ ಉತ್ತರ. ಹಿರಿಯ ಶಿಷ್ಯನಾಗಿ ಕಿರಿಯರಿಗೆ ಸ್ವರಾಭ್ಯಾಸದ ಪಲಟೆ ತಿರುವಿಸುವುದು, ಗುರುವಿನ ಪಾಠಕ್ಕೆ ಸಾಥ್ ಕೊಡುತ್ತ ಎಲ್ಲಿ ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂದು ಗಮನಿಸುವುದು, ಇದೆಲ್ಲ ಹೆಸರಿಲ್ಲದ ತರಬೇತಿ. ಗುರುಮನೆಯ ವಾಸ ಹೋಗಿ ವಾರಕ್ಕೆರಡು ತಾಸಿನ ಕ್ಲಾಸು ಉಳಿದಾಗ ಪಾಠ ಉಳಿಯಿತು, ಪಾಠ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವ ಅವಕಾಶ ಹೋಯಿತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪೇಟಿಯ ಸ್ವರಗಳು ಕಟ್ಟಿ ಕೂಡಿಸಿದವು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು, ಇಂಥ ವಾದ್ಯದ ಶಿಕ್ಷಕರಿಗಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೆ? ಈ ತಕರಾರು ಹೊಸದಲ್ಲ. ಆಕಾಶವಾಣಿ 1940ರಲ್ಲಿ ಹಾಕಿದ ಹಾರ್ಮೋನಿಯಂ ನಿಷೇಧ ಸಡಿಲಗೊಂಡದ್ದು 1970ರ ದಶಕದಲ್ಲಿ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾದಾಗಲೂ ಪೇಟಿಗೆ ಒಳಗೆ ಜಾಗವಿರಲಿಲ್ಲ. ದೋಷ ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ದೋಷವಿರುವ ವಾದ್ಯಕ್ಕೇ ಒಳ್ಳೆಯ ಶಿಕ್ಷಕರು ಹೆಚ್ಚು ಬೇಕು. ಪೇಟಿ ಹೇಳಿದ್ದೇ ಕೊನೆ ಎಂದು ನಂಬಿಸಿದರೆ ಕಿವಿ ಮಂದವಾಗುತ್ತದೆ. ದನಿ ಮುಂದೆ, ಪೇಟಿ ಅದರ ಹಿಂದೆ ಎಂದು ಮೊದಲ ದಿನದಿಂದ ರೂಢಿಸಿದರೆ, ಸ್ವರ ಎಲ್ಲಿ ಜಾರಬೇಕಿತ್ತೋ ಅಲ್ಲಿ ಪೇಟಿ ಸುಮ್ಮನಾಗುವುದನ್ನೂ ವಿದ್ಯಾರ್ಥಿ ಕಲಿಯುತ್ತಾನೆ.

ತಾಲೀಮಿನ ಪದ್ಧತಿಗೂ ಮಿತಿಗಳಿದ್ದವು. ಅವಸರ ಇತ್ತು, ಬೈಗುಳ ಇತ್ತು, ಹಾಡು ಹೇಗೋ ಕೂತರೆ ಸಾಕೆಂಬ ತೃಪ್ತಿಯೂ ಇತ್ತು. ಕಂಪನಿಗಳಲ್ಲಿ ಕಾಲುಪೇಟಿಯ ಜಾಗಕ್ಕೆ ಕ್ಯಾಸಿಯೊ ಎಂಬ ವಿದ್ಯುತ್ ಕೀಬೋರ್ಡ್ ಬಂದಿದೆ, ತಾಳವನ್ನೂ ಅದೇ ಹಾಕಿಕೊಡುತ್ತದೆ. ಗುಂಡಿ ಒತ್ತಿದರೆ ಇಡೀ ಶ್ರುತಿಯನ್ನೇ ಮೇಲೆ ಕೆಳಗೆ ಸರಿಸುವ ಯಂತ್ರದ ಮುಂದೆ ಬಿಳಿ 1ರ ಕೈ ಒಂದೇ ಗೊತ್ತಿದ್ದರೂ ಕೆಲಸ ಸಾಗುತ್ತದೆ. ನಟನಿಗೆ ಇದರಿಂದ ಅನುಕೂಲ, ಶಿಕ್ಷಕನಾಗಬೇಕಾದವನಿಗೆ ನಷ್ಟ. ಹಾಗಾಗಿ ತಾಲೀಮನ್ನು ಇದ್ದಂತೆ ಮರಳಿ ತರುವುದಲ್ಲ, ಅದರ ತಿರುಳನ್ನು ಪರೀಕ್ಷೆಯೊಳಗೆ ತರುವುದು ಸಾಧ್ಯ. ವಿಶಾರದ ಮುಗಿಸಿ ಕ್ಲಾಸು ತೆರೆಯಬೇಕೆಂದಿರುವ ಬಾಗಲಕೋಟೆಯ ಅಥವಾ ಇಳಕಲ್ಲಿನ ಅಭ್ಯರ್ಥಿಯನ್ನು ಒಂದು ಹಂಗಾಮು ಹಿರಿಯ ಮಾಸ್ತರರ ಪಕ್ಕದಲ್ಲಿ ಕೂಡಿಸಬೇಕು, ಅವರು ತಿದ್ದಿದ್ದನ್ನು ದಿನವೂ ಬರೆದಿಡಲು ಹೇಳಬೇಕು. ಆಮೇಲೆ ಎಂದೂ ಹಾಡದ ಒಬ್ಬರನ್ನು, ಒಂದು ರಂಗಗೀತೆಯನ್ನು, ಏಳು ದಿನವನ್ನು ಕೊಡಬೇಕು. ಎಂಟನೆಯ ದಿನ ಪರೀಕ್ಷಕರು ಕೇಳಬೇಕಾದದ್ದು ಅಭ್ಯರ್ಥಿಯನ್ನಲ್ಲ, ಕಲಿತವರನ್ನು. ಅವರು ಹಾಡಿ ಮುಗಿಸಿದ ಮೇಲೆ ಶ್ರುತಿಯನ್ನು ಬಿಳಿ 1ರಿಂದ ಕಪ್ಪು 1ಕ್ಕೆ ಏರಿಸಿ, ಪೇಟಿಯನ್ನು ನಿಲ್ಲಿಸಿ, ಮತ್ತೊಮ್ಮೆ ಹಾಡಿಸಬೇಕು.