ಮೋರ್ಯರ ಮನೆಗಳು: ಇತಿಹಾಸ ಮತ್ತು ಐತಿಹ್ಯ

ಬಸವಕಲ್ಯಾಣ, ಹುಮನಾಬಾದ್ ಪರಿಸರದ ಇತಿಹಾಸವನ್ನು ಕಲ್ಯಾಣ ಚಾಲುಕ್ಯರಿಂದ ಆರಂಭಿಸುವುದು ವಾಡಿಕೆ. ಆದರೆ ಇದೇ ಕಲ್ಯಾಣ ಕರ್ನಾಟಕದ ಸುರಪುರ, ಜೇವರ್ಗಿ ಸೀಮೆಯ ಹೊಲಗಳಲ್ಲಿ ಅದಕ್ಕಿಂತ ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾ ಸಮಾಧಿಗಳಿವೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಇವುಗಳಲ್ಲಿ ಕೆಲವನ್ನು ಅಗೆಸಿ, ದೊರೆತ ಎಲುಬು, ಮಡಕೆ, ಕಬ್ಬಿಣದ ಆಯುಧಗಳ ಆಧಾರದಿಂದ ಯುರೋಪಿನ ಪ್ರಾಚೀನ ಗೋರಿಗಳೊಡನೆ ಹೋಲಿಸಿದರು.

ರಾಜನಕೋಳೂರಿನ ಇಂಥ ರಚನೆಗಳನ್ನು ಜನಪದರು ಗಿಡ್ಡಜನರಾದ ‘ಮೋರ್ಯರ ಮನೆ’ ಎಂದರು. ಶಾಸ್ತ್ರಕ್ಕೆ ಅದು ಗೋರಿ, ಜನರಿಗೆ ಮನೆ. ನಿಲ್ಲಿಸಿದ ಚಪ್ಪಡಿಗಳೇ ಗೋಡೆ, ಮುಚ್ಚುಗಲ್ಲೇ ಚಾವಣಿಯಾದ ಆ ಗಿಡ್ಡನೆಯ ರಚನೆಯ ಅಳತೆಯಿಂದಲೇ ಈ ಐತಿಹ್ಯ ಹುಟ್ಟಿರಬೇಕು. ಹೊಲ ಹಸನುಗೊಳಿಸುವಾಗ ಕಲ್ಲು ಕಿತ್ತರೆ ಹೆಸರೂ ಅಳಿಯುತ್ತದೆ. ಆದ್ದರಿಂದ ಬೀದರ ಸೀಮೆಯಲ್ಲಿಯೂ ಹೊಲಗಳ ಹೆಸರು, ಐತಿಹ್ಯಗಳನ್ನು ಕಲ್ಲಿನಷ್ಟೇ ಜತನದಿಂದ ದಾಖಲಿಸಬೇಕಾಗಿದೆ.