ಬೆಳ್ಳಿ ನಾಣ್ಯದ ಎರಡು ಮುಖ
ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ ಎಂಬ ಉತ್ತರವನ್ನು ಈ ಶಾಲೆಯಲ್ಲಿ ಒಂದು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಆ ನಾಣ್ಯಗಳಲ್ಲಿ ಏನಿದೆ ಎಂದು ನೋಡಿದ್ದು ನಾನೇ ಇತಿಹಾಸದ ಮೇಷ್ಟ್ರಾದ ಮೇಲೆ.

ಅಲ್ಲಿ ದೊರೆತವುಗಳಲ್ಲಿ ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನ ದಿನಾರಿಯಸ್‌ಗಳೂ ಇವೆ. ಅವನ ಹೆಸರಾಂತ ದಿನಾರಿಯಸ್‌ನ ಮುಂಬದಿಯಲ್ಲಿ ಎಲೆಮಾಲೆ ಮುಡಿದ ಚಕ್ರವರ್ತಿ. ಸುತ್ತ 'ದೇವನಾದ ಅಗಸ್ಟಸನ ಮಗ' ಎಂಬ ಲ್ಯಾಟಿನ್ ಬರಹ. ಆದರೆ ಅವನು ದತ್ತುಪುತ್ರ! ಹಿಂಬದಿಯಲ್ಲಿ ರಾಜದಂಡ, ಆಲಿವ್ ರೆಂಬೆ ಹಿಡಿದು ಕುಳಿತ ಹೆಂಗಸು: ಅಧಿಕಾರ ಮತ್ತು ಶಾಂತಿ. ಪತ್ರಿಕೆಗಳಿಲ್ಲದ ಕಾಲದಲ್ಲಿ ಅರಸನ ಮಾತನ್ನು ಸಂತೆಸಂತೆಗೆ ಮುಟ್ಟಿಸಿದ್ದು ಈ ಪುಟ್ಟ ಬಿಲ್ಲೆ.

ಈಗ ಮಕ್ಕಳಿಗೆ 'ಎಲ್ಲಿ ಸಿಕ್ಕಿತು?' ಎಂದಷ್ಟೇ ಕೇಳುವುದಿಲ್ಲ. 'ಇದು ಏನನ್ನು ನಂಬಿಸಲು ನೋಡುತ್ತಿದೆ?' ಎಂದೂ ಕೇಳುತ್ತೇನೆ. ಆ ಪ್ರಶ್ನೆಗೆ ಒಂದು ಅಂಕ ಸಾಲದು.