ಸಹದರ್ಶನವೂ ಏಕಾಂತದರ್ಶನವೂ

ಕಣ್ಣಿಗೂ ಕಿವಿಗೂ ವಿನೋದವಾಗುವ ಕ್ರೀಡನೀಯಕವೊಂದನ್ನು ದೇವತೆಗಳು ಬ್ರಹ್ಮನಲ್ಲಿ ಬೇಡಿದರೆಂದು ನಾಟ್ಯಶಾಸ್ತ್ರವು ಹೇಳುವುದು. ನೋಟವೆಂಬುದು ಬಹುಕಾಲ ನೆರೆದ ಸಭೆಯ ಸೊತ್ತಾಗಿದ್ದಿತು. ದೆಹಲಿಯಲ್ಲಿ 1959ರಲ್ಲಿ ದೂರದರ್ಶನವು ಆರಂಭವಾದ ಮೇಲೆಯೂ ಈ ರೂಢಿ ಕೆಡಲಿಲ್ಲ. 1987ರ ಜನವರಿಯಲ್ಲಿ ರಮಾನಂದ ಸಾಗರರ ರಾಮಾಯಣವು ಮೊದಲಾದಾಗ, ಭಾನುವಾರ ಬೆಳಗ್ಗೆ ನಮ್ಮ ಬೀದಿಯವರೆಲ್ಲರೂ ಟಿ.ವಿ. ಇದ್ದ ಒಂದೇ ಮನೆಯಲ್ಲಿ ಚಾಪೆ ಹಾಸಿ ಕುಳಿತುದು ನನಗೆ ಚೆನ್ನಾಗಿ ನೆನಪಿದೆ. ಸ್ನಾನ, ಸಂಧ್ಯಾವಂದನೆ, ಅಡುಗೆಗಳೆಲ್ಲವೂ ಆ ಹೊತ್ತಿಗೆ ಹೊಂದಿಕೊಳ್ಳುತ್ತಿದ್ದವು.

ಈ ಕ್ರಮವು ತಲೆಕೆಳಗಾದುದು ವಿಡಿಯೋ ಸ್ಟ್ರೀಮಿಂಗಿನಿಂದ. ಚಿತ್ರವನ್ನು ಸಣ್ಣ ತುಣುಕುಗಳಾಗಿ ವಿಭಾಗಿಸಿ ಕಳುಹಿಸುವುದರಿಂದ, ಅದು ಪೂರ್ತಿಯಾಗಿ ಬಂದು ಸೇರುವ ಮೊದಲೇ ನೋಡತೊಡಗಬಹುದು. ಅಮೆರಿಕದಲ್ಲಿ 2005ರಲ್ಲಿ ಯೂಟ್ಯೂಬ್ ಹುಟ್ಟಿತು. ಅಂಚೆಯ ಮೂಲಕ ಡಿವಿಡಿಗಳನ್ನು ಬಾಡಿಗೆಗೆ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್ ಸಂಸ್ಥೆಯು 2007ರಲ್ಲಿ ಈ ಮಾರ್ಗವನ್ನು ಹಿಡಿದು, 2016ರ ಜನವರಿಯಲ್ಲಿ ಭಾರತಕ್ಕೆ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಮೊದಲಾಗಿ ಡೇಟಾದ ಬೆಲೆ ಇಳಿಯಲು, ಈ ಪ್ರವಾಹವು ಹಳ್ಳಿಗಳಿಗೂ ಹರಿಯಿತು.

2020ರ ಮಾರ್ಚಿನ ಲಾಕ್‌ಡೌನಿನಲ್ಲಿ ದೂರದರ್ಶನವು ಅದೇ ರಾಮಾಯಣವನ್ನು ಮರಳಿ ಪ್ರಸಾರಮಾಡಿತು. ಆಗ ನಮ್ಮ ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತವನು ನಾನೊಬ್ಬನೇ. ಉಳಿದ ನಾಲ್ವರೂ ನಾಲ್ಕು ಮೂಲೆಗಳಲ್ಲಿ ತಂತಮ್ಮ ಫೋನು ಹಿಡಿದಿದ್ದರು. ಹಾಗೆಂದು ದೂಷಣೆಯೊಂದೇ ನ್ಯಾಯವಲ್ಲ. ಮೆಟ್ಟಿಲಿಳಿಯಲಾರದ ನಮ್ಮ ಅಕ್ಕನವರು, ಎಂದೋ ಆಸೆ ಬಿಟ್ಟಿದ್ದ ಯಕ್ಷಗಾನವನ್ನು ಈಗ ಮಂಚದ ಮೇಲಿಂದಲೇ ನೋಡುತ್ತಾರೆ. ನಡುವೆ ನಿಲ್ಲಿಸಿ, "ಬಾರೋ, ಈ ಪದ ಕೇಳು" ಎಂದು ನನ್ನನ್ನು ಕರೆಯುತ್ತಾರೆ.

ವಾಚಕರೇ, ಹೊತ್ತನ್ನು ಗೊತ್ತುಮಾಡುವ ಅಧಿಕಾರವು ಈಗ ನಮ್ಮ ಕೈಸೇರಿದೆ. ಒಟ್ಟಿಗೆ ಕೂಡುವ ಹೊಣೆಯೂ ಇನ್ನು ನಮ್ಮದೇ.